ಸುರುಳಿ ಕೆತ್ತಿದ ಪೆನ್ನು, ಕೆತ್ತಿದವರ ಹೆಸರು

ಶಾಲು, ಹಾರ, ಹಣ್ಣಿನ ಬುಟ್ಟಿಗಳಿರುವ ನಮ್ಮ ಸನ್ಮಾನದ ತಟ್ಟೆಗೆ ಈಚೆಗೆ ಮರದ ಪೆನ್ನೂ ಬಂದು ಸೇರಿದೆ. ಶಾಲೆಯ ವಾರ್ಷಿಕೋತ್ಸವ, ಮೇಷ್ಟ್ರ ಬೀಳ್ಕೊಡುಗೆ, ಮುಶಾಯಿರಾ, ಪುಸ್ತಕ ಬಿಡುಗಡೆ ಎಲ್ಲಕ್ಕೂ ಒಪ್ಪುವ ವಸ್ತು ಅದು. ಮಖಮಲ್ಲಿನ ಅಸ್ತರಿರುವ ಉದ್ದನೆಯ ಡಬ್ಬಿ, ಅದರೊಳಗೆ ಮಿರಿಮಿರಿ ಮಿಂಚುವ ಪೆನ್ನು, ಪೆನ್ನಿನ ಮೈಮೇಲೆ ಬುಡದಿಂದ ತುದಿಯವರೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು ಹೋದ ಸುರುಳಿ ಗೆರೆ. ಭಟ್ಕಳದಲ್ಲಿ ನಾನು ಹೋಗುವ ಸಭೆಗಳಲ್ಲಿ ಇದನ್ನು ಹಲವು ಸಲ ಕಂಡಿದ್ದೇನೆ. ಪಡೆದವರು ಅದನ್ನೊಮ್ಮೆ ತಿರುಗಿಸಿ ನೋಡಿ 'ಬಹಳ ಚಂದ ಉಂಟು' ಎನ್ನುತ್ತಾರೆ, ಡಬ್ಬಿ ಮುಚ್ಚುತ್ತಾರೆ. ಮುಂದೆ ಅದರ ವಾಸ ಶೋಕೇಸಿನಲ್ಲಿ.

ಒಂದು ಕಥಾಸಂಕಲನ ಬಂದರೆ ಅದರ ಕುರಿತು ಹತ್ತು ಮಾತಾಡುವವರಿದ್ದಾರೆ. ಚಂದ ಎಂದರೆ ಸಾಲದು, ಯಾಕೆ ಚಂದ ಹೇಳು ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಕೈಕೆಲಸದ ವಸ್ತುವಿಗೆ ಆ ಭಾಗ್ಯವಿಲ್ಲ. ಅದು 'ಚಂದ'ದಲ್ಲಿ ಹುಟ್ಟಿ 'ಚಂದ'ದಲ್ಲೇ ಸಾಯುತ್ತದೆ. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಶಬ್ದ ಬಳಸಿದರೆ ನಷ್ಟವಾಗುವುದು ಒಳ್ಳೆಯ ಕೆಲಸಗಾರನಿಗೆ. ಕೆಟ್ಟ ಕೆಲಸ ಯಾವತ್ತೂ ಅಗ್ಗ, ಯಾವತ್ತೂ ಬೇಗ. ಆದ್ದರಿಂದ ಈ ಸುರುಳಿ ಪೆನ್ನನ್ನು ಒಂದು ಕೃತಿಯೆಂದೇ ಭಾವಿಸಿ ಓದಬೇಕೆಂದು ನನಗನ್ನಿಸಿದೆ. ಹಾಗೆ ಓದಿದರೆ ಸುರುಳಿ ಬರೀ ಅಲಂಕಾರವಲ್ಲ, ಅದು ಕೆತ್ತಿದವನ ಕೈಬರಹ ಎಂಬುದು ಕಾಣಿಸುತ್ತದೆ ಎಂಬುದು ನನ್ನ ವಾದ.

ಮೊದಲು ಕೆಲಸದ ಸಂಗತಿ. ಉರುಟಾದ ಕೋಲಿನ ಮೇಲೆ ಸಮನಾದ ಸುರುಳಿ ಎಳೆಯುವುದು ಕಣ್ಣಂದಾಜಿನ ಕೆಲಸವೆಂದು ಹಲವರು ತಿಳಿದಿದ್ದಾರೆ. ಅದರ ಬುಡದಲ್ಲಿ ಇರುವುದು ರೇಖಾಗಣಿತ. ಒಂದು ಕಾಗದದಿಂದ ಲಂಬಕೋನ ತ್ರಿಕೋನವನ್ನು ಕತ್ತರಿಸಿ ಕೋಲಿಗೆ ಸುತ್ತಿ ನೋಡಿ. ಅದರ ಓರೆ ಅಂಚು ತಾನಾಗಿ ಸುರುಳಿಯಾಗುತ್ತದೆ. ತ್ರಿಕೋನದ ತಳ ಕೋಲಿನ ಸುತ್ತಳತೆಗೆ ಸಮವಾಗಿದ್ದರೆ, ಅದರ ಎತ್ತರವೇ ಗೆರೆ ಒಂದು ಸುತ್ತಿಗೆ ಏರುವ ದೂರ. 12 ಮಿಲಿಮೀಟರ್ ದಪ್ಪದ ಪೆನ್ನಿನ ಸುತ್ತಳತೆ ಸುಮಾರು 38 ಮಿಲಿಮೀಟರ್. ಒಂದು ಸುತ್ತಿಗೆ ಗೆರೆ ಅಷ್ಟೇ ಏರಿದರೆ ಅದರ ಓರೆ 45 ಡಿಗ್ರಿ. ಏರಿಕೆ ಕಡಿಮೆ ಮಾಡಿದರೆ ಗೆರೆಗಳು ಬಳೆ ತೊಟ್ಟಂತೆ ಅಡ್ಡಡ್ಡ ಮಲಗುತ್ತವೆ, ಹೆಚ್ಚು ಮಾಡಿದರೆ ನೆಟ್ಟಗಾಗಿ ಜೋಲುತ್ತವೆ. ಒಂದೇ ಗೆರೆ ಇದ್ದರೆ ಬಳ್ಳಿ ಸುತ್ತಿದ ಹಾಗೆ, ಎರಡು ಗೆರೆ ಎದುರುಬದುರು ಹೊರಟರೆ ಹಗ್ಗದ ಹಾಗೆ, ನಾಲ್ಕಾದರೆ ಪೆನ್ನೇ ತಿರುಚಿಕೊಂಡ ಹಾಗೆ ಕಾಣಿಸುತ್ತದೆ.

ಕೈಯಿಂದ ಮಾಡುವವರು ಮರವನ್ನು ಲೇತಿನಲ್ಲಿ ಕಡೆದು ಉರುಟು ಮಾಡಿಕೊಂಡು, ಉದ್ದಕ್ಕೆ ನಾಲ್ಕು ಗೆರೆ, ಅಡ್ಡಕ್ಕೆ ಸಮದೂರದ ಉಂಗುರಗಳನ್ನು ಪೆನ್ಸಿಲ್ಲಿನಲ್ಲಿ ಹಾಕಿಕೊಳ್ಳುತ್ತಾರೆ. ಆ ಚೌಕಗಳ ಮೂಲೆಯಿಂದ ಮೂಲೆಗೆ ಕಾಗದದ ಪಟ್ಟಿಯನ್ನು ಓರೆಯಾಗಿ ಸುತ್ತಿ ಗುರುತು ಎಳೆಯುತ್ತಾರೆ. ಸಣ್ಣ ಗರಗಸದಿಂದ ಗುರುತಿನ ಮೇಲೆ ಕಚ್ಚು ಹಾಕಿ, ಉರುಟು ಅರದಿಂದ ಕಚ್ಚನ್ನು ತೋಡಾಗಿ ಅಗಲಿಸುತ್ತಾರೆ. ಕೊನೆಗೆ ಮರಳುಕಾಗದವನ್ನು ದಾರದ ಹಾಗೆ ಹೊಸೆದು ತೋಡಿನೊಳಗೆ ಎಳೆಯುತ್ತಾರೆ. ಇಲ್ಲಿ ಎರಡು ಇಕ್ಕಟ್ಟುಗಳಿವೆ. ಮೊದಲನೆಯದು ಮರದ ಎಳೆ. ಎಳೆ ಉದ್ದಕ್ಕೆ ಹೋಗುತ್ತದೆ, ತೋಡು ಓರೆಯಾಗಿ ಹೋಗುತ್ತದೆ. ಹಾಗಾಗಿ ತೋಡಿನ ಒಂದು ದಡ ಉಳಿಗೆ ನಯವಾಗಿ ಬಿಟ್ಟುಕೊಟ್ಟರೆ ಇನ್ನೊಂದು ದಡ ಅದೇ ದಿಕ್ಕಿನಲ್ಲಿ ಕೆತ್ತಿದರೆ ಸಿಬಿರೇಳುತ್ತದೆ. ಅದನ್ನು ಎದುರು ದಿಕ್ಕಿನಿಂದ ಬಂದು ಕೆತ್ತಬೇಕು. ಎರಡನೆಯದು ದಪ್ಪ. ಪೆನ್ನಿನ ಮರದೊಳಗೆ ಹಿತ್ತಾಳೆಯ ನಳಿಗೆ ಇರುತ್ತದೆ, ತೆಳು ಪೆನ್ನಿನಲ್ಲಿ ಸಾಮಾನ್ಯವಾಗಿ 7 ಮಿಲಿಮೀಟರಿನದು. 12ರಲ್ಲಿ 7 ಕಳೆದು ಎರಡು ಪಾಲು ಮಾಡಿದರೆ ಉಳಿಯುವ ಮರದ ಗೋಡೆ ಎರಡೂವರೆ ಮಿಲಿಮೀಟರು. ಕಲಾವಿದನಿಗೆ ಸಿಕ್ಕ ಆಳ ಇಷ್ಟೇ. ಆಸೆಬುರುಕತನ ಮಾಡಿದರೆ ಹಿತ್ತಾಳೆ ಹಲ್ಲು ಕಿರಿಯುತ್ತದೆ.

ಯಂತ್ರಕ್ಕೆ ಈ ತಾಪತ್ರಯವಿಲ್ಲ. ಹಲ್ಲುಚಕ್ರಗಳ ಲೆಕ್ಕದಿಂದ ಪೆನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಕತ್ತರಿಸುವ ಮೊನೆ ಇಷ್ಟೇ ದೂರ ಸರಿಯಬೇಕೆಂದು ಕಟ್ಟಿಹಾಕಿದ ಸಣ್ಣ ಸಾಧನಗಳಿವೆ. ಅದಕ್ಕಿಂತ ಮುಂದುವರಿದು ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರಗಳಿವೆ. ನಾನು ಯಂತ್ರದ ವೈರಿಯಲ್ಲ. ಸಾಧನವನ್ನು ಕೈಯಿಂದ ತಿರುಗಿಸಿ, ಮರ ನೋಡಿ ಮೊನೆ ಆರಿಸಿ ಒಳ್ಳೆಯ ಕೆಲಸ ಮಾಡುವವರಿದ್ದಾರೆ. ಲೇತೂ ಒಂದು ಯಂತ್ರವೇ ತಾನೆ? ಬೇಲೂರಿನ ಚೆನ್ನಕೇಶವ ಗುಡಿಯ ಕಂಬಗಳು ಕಡೆದ ಕಂಬಗಳೆಂದು ಅವುಗಳ ಉಂಗುರಗಳೇ ಹೇಳುತ್ತವೆ. ಯಂತ್ರ ಮುಟ್ಟಿತೋ ಇಲ್ಲವೋ ಎಂಬುದಕ್ಕಿಂತ, ನಿರ್ಧಾರ ಮಾಡಿದವರು ಯಾರು ಎಂಬುದು ಮುಖ್ಯ.

ಈಗ ನನ್ನ ಮೇಜಿನ ಮೇಲಿರುವ ಎರಡು ಪೆನ್ನುಗಳನ್ನು ನೋಡೋಣ. ಒಂದು ಸಭೆಯಲ್ಲಿ ಸಿಕ್ಕಿದ್ದು, ಯಾವುದೋ ಕಾರ್ಖಾನೆಯದು. ಇನ್ನೊಂದು ಹೊನ್ನಾವರ ಕಡೆಯ ಒಬ್ಬ ಗುಡಿಗಾರರು ಶಿವನೆ ಮರದಲ್ಲಿ ಮಾಡಿಕೊಟ್ಟದ್ದು. ಎರಡಕ್ಕೂ ನಾಲ್ಕು ಗೆರೆಯ ಸುರುಳಿ, ಎರಡಕ್ಕೂ ನಡುವೆ ಸ್ವಲ್ಪ ಹೊಟ್ಟೆ. ಆ ಹೊಟ್ಟೆಯಲ್ಲೇ ವ್ಯತ್ಯಾಸ ಅಡಗಿದೆ. ಹೊಟ್ಟೆ ಬಂದಲ್ಲಿ ಸುತ್ತಳತೆ ಹೆಚ್ಚುತ್ತದೆ. ತೋಡು ಎಲ್ಲ ಕಡೆ ಒಂದೇ ಅಗಲವಾಗಿ ಹೋದರೆ ಎರಡು ತೋಡುಗಳ ನಡುವಿನ ಏಣು ಅಲ್ಲಿ ಊದಿಕೊಳ್ಳುತ್ತದೆ, ತುದಿಗಳಲ್ಲಿ ಬಡಕಲಾಗುತ್ತದೆ. ಕಾರ್ಖಾನೆಯ ಪೆನ್ನಿನಲ್ಲಿ ಆಗಿರುವುದು ಅದೇ. ಅಳತೆ ತಪ್ಪಿಲ್ಲ, ಕಣ್ಣಿಗೆ ಮಾತ್ರ ಏನೋ ಸೊರಗಿದಂತೆ, ಏನೋ ಬಾತಂತೆ ಕಾಣುತ್ತದೆ. ಗುಡಿಗಾರರ ಪೆನ್ನಿನಲ್ಲಿ ತೋಡು ಹೊಟ್ಟೆಯ ಬಳಿ ಕೂದಲೆಳೆಯಷ್ಟು ಅಗಲವಾಗಿದೆ, ಚೂರು ಆಳವೂ ಆಗಿದೆ. ಅದರಿಂದ ಏಣು ಉದ್ದಕ್ಕೂ ಒಂದೇ ಸಮ ಇದೆಯೆಂದು ಕಣ್ಣು ನಂಬುತ್ತದೆ. ಈ ಬಗ್ಗೆ ಕೇಳಿದಾಗ ಅವರು, "ಅಳ್ತೆ ಹಿಡ್ದು ಮಾಡಿದ್ರೆ ಸಮ ಆಗೂದಿಲ್ಲ ಸಾಯ್ಬರೇ, ಸಮ ಕಾಣೂ ಹಾಗೆ ಮಾಡ್ಬೇಕು. ಹೊಟ್ಟೆ ಬಂದಲ್ಲಿ ಕೈ ಸ್ವಲ್ಪ ಭಾರ ಹಾಕೂದು" ಎಂದರು. ಸಮ ಇರುವುದು ಬೇರೆ, ಸಮ ಕಾಣುವುದು ಬೇರೆ. ಇಷ್ಟು ಹೇಳಲು ನಮ್ಮ ವಿಮರ್ಶಕರಿಗೆ ಒಂದು ಪ್ರಬಂಧ ಬೇಕು.

ಎರಡನೆಯ ವ್ಯತ್ಯಾಸ ಗೆರೆ ಮುಗಿಯುವ ಜಾಗದ್ದು. ಕಾರ್ಖಾನೆಯ ಸುರುಳಿ ಪೆನ್ನಿನ ಅಂಚಿಗೆ ಬಂದು ಕಡಿದು ಹಾಕಿದಂತೆ ನಿಲ್ಲುತ್ತದೆ, ನಾಲ್ಕೂ ಗೆರೆಗಳು ಒಂದೇ ಬಿಂದುವಿನಲ್ಲಿ. ಶಿವನೆಯ ಪೆನ್ನಿನಲ್ಲಿ ತೋಡು ತುದಿಗೆ ಬರುತ್ತ ತೆಳ್ಳಗಾಗುತ್ತದೆ, ಮೇಲೇರುತ್ತದೆ, ಮರದ ನಯದಲ್ಲಿ ಕರಗುತ್ತದೆ. ನಸ್ತಾಲೀಕ್ ಬರಹ ಗೊತ್ತಿದ್ದವರಿಗೆ ಈ ಮುಗಿತಾಯ ಹೊಸದಲ್ಲ. ಉರ್ದುವಿನ ಬಡೀ 'ಯೇ' ಬಾಲ ಎಳೆದುಕೊಂಡು ಹೋಗಿ ತೆಳುವಾಗಿ ತೀರುವುದು ಹೀಗೆಯೇ. ಉರ್ದು ಶಾಲೆಯಲ್ಲಿ ಖುಶ್‌ಖತ್ ಕಲಿಸುವಾಗ ಅಕ್ಷರದ ಆರಂಭಕ್ಕಿಂತ ಅದರ ಕೊನೆಗೇ ಹೆಚ್ಚು ಪೆಟ್ಟು ಬೀಳುತ್ತಿತ್ತು. (ಕಥೆಗೂ ಅಷ್ಟೆ. ನಮ್ಮ ಎಷ್ಟೋ ಕಥೆಗಳ ಕೊನೆ ಆ ಕಾರ್ಖಾನೆಯ ಸುರುಳಿಯಂತೆ ಅಂಚಿಗೆ ಬಂದ ಕಾರಣಕ್ಕೆ ನಿಂತದ್ದು.)

ಹಾಗೆಂದು ಗುಡಿಗಾರರ ಪೆನ್ನಿನಲ್ಲಿ ದೋಷವಿಲ್ಲ ಎಂದಲ್ಲ. ಸುರುಳಿಯನ್ನು ಅವರು ತೀರಾ ಕೆಳಗೆ, ಬೆರಳು ಹಿಡಿಯುವ ಜಾಗದ ಹತ್ತಿರದವರೆಗೆ ತಂದಿದ್ದಾರೆ. ಎರಡು ಪುಟ ಬರೆಯುವಷ್ಟರಲ್ಲಿ ನಡುಬೆರಳಿನ ಪಕ್ಕಕ್ಕೆ ಏಣು ಒತ್ತುತ್ತದೆ. ಪೆನ್ನಿನ ಮೇಲೆ ಕೆಲಸ ಮಾಡುವವರು ಮರೆಯಬಾರದ ಒಂದು ಸಂಗತಿಯಿದೆ: ಹೂದಾನಿಯನ್ನು ಕಣ್ಣು ನೋಡುತ್ತದೆ, ಪೆನ್ನನ್ನು ಬೆರಳು ನೋಡುತ್ತದೆ. ಮೂರು ಬೆರಳು ಕೂಡುವ ಆ ಒಂದಿಂಚು ಜಾಗ ನಯವಾಗಿರಬೇಕು. ಸುರುಳಿಗೆ ಅದರ ಮೇಲಿನ ಮೈ ಬೇಕಾದಷ್ಟಿದೆ. ಕಾರ್ಖಾನೆಯವರದ್ದಂತೂ ಈ ವಿಷಯದಲ್ಲಿ ಅನ್ಯಾಯವೇ. ಆ ಪೆನ್ನಿನಲ್ಲಿ ಯಾರಾದರೂ ಒಂದು ಪತ್ರವನ್ನಾದರೂ ಬರೆದು ನೋಡಿದ್ದಾರೆಂದು ನನಗನ್ನಿಸುವುದಿಲ್ಲ.

ಸುರುಳಿಗೆ ಅದರದೇ ದುಡಿಮೆಯ ಚರಿತ್ರೆಯೊಂದಿದೆ ಎಂಬುದನ್ನು ಕರಾವಳಿಯವರಾದ ನಾವು ಬೇರೆಯವರಿಂದ ಕಲಿಯಬೇಕಿಲ್ಲ. ಬಂದರಿನಲ್ಲಿ ಬಿದ್ದಿರುವ ಯಾವ ಹಗ್ಗವನ್ನಾದರೂ ನೋಡಿ. ನಾರನ್ನು ಒಂದು ದಿಕ್ಕಿಗೆ ಹೊಸೆದು ಎಳೆ, ಎಳೆಗಳನ್ನು ಎದುರು ದಿಕ್ಕಿಗೆ ಹೊಸೆದು ಹುರಿ, ಹುರಿಗಳನ್ನು ಮತ್ತೆ ತಿರುಗಿಸಿ ಹೊಸೆದು ಹಗ್ಗ. ಒಂದು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ, ಹಗ್ಗ ನಿಲ್ಲುವುದು ಈ ವಿರೋಧದಿಂದ. ಬಡಗಿಯ ಬೈರಿಗೆಯ ಸುರುಳಿ ಮರದ ಪುಡಿಯನ್ನು ಹೊರಗೆ ತಳ್ಳುತ್ತದೆ. ತಿರುಪಿನ ಸುರುಳಿ ಎರಡು ಹಲಗೆಗಳನ್ನು ಕೂಡಿಸುತ್ತದೆ. ದಿಕ್ಕಿಗೂ ಕನ್ನಡದಲ್ಲಿ ಎಷ್ಟು ಚೆಂದದ ಮಾತುಗಳಿವೆ: ಬಲಮುರಿ, ಎಡಮುರಿ. ಶಂಖಕ್ಕೆ ಹೇಳುವ ಈ ಮಾತುಗಳೇ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಎರಡು ತಾಣಗಳ ಹೆಸರಾಗಿವೆ. ಪೆನ್ನಿಗೆ ಸುರುಳಿ ಕೆತ್ತುವವರೂ ಇದನ್ನು ಮೊದಲೇ ತೀರ್ಮಾನಿಸಬೇಕು. ಬಲಗೈಯಲ್ಲಿ ಹಿಡಿದಾಗ ಬಲಮುರಿಯ ಗೆರೆ ಒಂದು ಬಗೆಯಲ್ಲಿ ಬೆರಳಿನೊಡನೆ ಹೋಗುತ್ತದೆ, ಎಡಮುರಿಯದು ಅಡ್ಡ ಬರುತ್ತದೆ. ಎಡದಿಂದ ಬಲಕ್ಕೆ ಕನ್ನಡವನ್ನೂ ಬಲದಿಂದ ಎಡಕ್ಕೆ ಉರ್ದುವನ್ನೂ ಒಂದೇ ಕೈಯಲ್ಲಿ ಬರೆಯುವವನಿಗೆ ಇದು ವಿಚಿತ್ರವಾದ ಸುಖ ಕೊಡುವ ಪ್ರಶ್ನೆ. ಭಟ್ಕಳದ ನವಾಯತಿಯನ್ನೇ ನೋಡಿ: ಬೇರು ಕೊಂಕಣಿಯದು, ಲಿಪಿ ಅರಬ್ಬಿ-ಪಾರಸಿಯದು.

ಈ ಗೆರೆ ಊರೂರು ಸುತ್ತಿದೆ. ಯುರೋಪಿನಲ್ಲಿ ತಿರುಚಿದ ಕಂಬಗಳಿಗೆ ಹಜ್ರತ್ ಸುಲೈಮಾನರ ಹೆಸರನ್ನೇ ಇಟ್ಟಿದ್ದಾರೆ. ಅಂಥವು ಅವರ ದೇವಾಲಯದಲ್ಲಿದ್ದವು ಎಂಬ ಐತಿಹ್ಯದಿಂದ. 17ನೇ ಶತಮಾನದಲ್ಲಿ ಅಲ್ಲಿನ ಮೇಜು ಕುರ್ಚಿಗಳ ಕಾಲುಗಳಿಗೆಲ್ಲ ಈ ತಿರುಚು ಬಂತು. ಅದೇ ಕಾಲಕ್ಕೆ ನಮ್ಮ ಪೂರ್ವದ ಕರಾವಳಿಯಾದ ಕೋರಮಂಡಲದಲ್ಲಿ ಪರದೇಶಿ ವರ್ತಕರಿಗಾಗಿ ಕರಿಮರದಲ್ಲಿ ತಿರುಚು ಕಂಬದ ಕುರ್ಚಿಗಳನ್ನು ಮಾಡುತ್ತಿದ್ದರು. ಮುಂದೆ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಎಂಬ ಸಿರಿವಂತ ಸಾಹಿತಿ ಅವನ್ನು ಕಂಡು, ತನ್ನದೇ ದೇಶದ ಹಳೆಯ ರಾಜರ ಕಾಲದವೆಂದು ನಂಬಿ ಕೂಡಿಹಾಕಿದ. ಮಾಡಿದ ಕೈಗಳ ಹೆಸರು ಅವುಗಳ ಮೇಲೆ ಇದ್ದಿದ್ದರೆ ಈ ಭ್ರಮೆಗೆ ಆಸ್ಪದವಿರುತ್ತಿರಲಿಲ್ಲ.

ಆದರೆ ಬರೆಯುವ ಸಾಧನದ ಮೈಮೇಲೆ ಇಷ್ಟು ಅಲಂಕಾರ ಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಪರಂಪರೆ ಇದಕ್ಕೆ ಕೊಟ್ಟ ಉತ್ತರ ಕುತೂಹಲದ್ದು. ಕಲಮಿಗೆ ಇಸ್ಲಾಮಿನಲ್ಲಿರುವ ಗೌರವ ದೊಡ್ಡದು. ಪವಿತ್ರ ಕುರ್‌ಆನಿನ 68ನೇ ಅಧ್ಯಾಯದ ಹೆಸರೇ ಅಲ್‌ಕಲಮ್, ಮೊದಲು ಅವತೀರ್ಣವಾದ ಸೂಕ್ತಗಳಲ್ಲೇ ಕಲಮಿನ ಪ್ರಸ್ತಾಪವಿದೆ. ಕನ್ನಡಕ್ಕೂ ಆ ಶಬ್ದ ಬಂದು ಕಾನೂನು ಪುಸ್ತಕದ ಪ್ರತಿಯೊಂದು ವಿಧಿಯೂ ಒಂದು 'ಕಲಂ' ಆಗಿ ಕೂತಿದೆ. ಶಾಯಿ, ದೌತಿ, ಕಾಗದ ಇವೆಲ್ಲ ಅದೇ ದಾರಿಯಲ್ಲಿ ಬಂದವು. ಇಷ್ಟು ಗೌರವವಿದ್ದೂ ಖತ್ತಾತರ ಕಲಮು ಬರಿಯ ಜೊಂಡಿನ ಕಡ್ಡಿ. ಅದಕ್ಕೆ ಮಾಡುವ ಏಕೈಕ ಕೆತ್ತನೆ ಮೊನೆಯದು. ಚಾಕುವಿನಿಂದ ಚಕ್ಕೆ ತೆಗೆದು, ನಡುವೆ ಸೀಳು ಬಿಟ್ಟು, ಕೊನೆಗೆ ಒಂದೇ ಏಟಿಗೆ ಓರೆಯಾಗಿ ಕತ್ತರಿಸುವುದು. ಆ 'ಕತ್' ಕೆಟ್ಟರೆ ಎಲ್ಲವೂ ಕೆಟ್ಟಂತೆ. ಮೊನೆಯ ಅಗಲವೇ ಚುಕ್ಕೆಯ ಅಳತೆ, ಚುಕ್ಕೆಯೇ ಅಲಿಫಿನ ಅಳತೆ, ಅಲಿಫಿನಿಂದ ಉಳಿದ ಅಕ್ಷರಗಳ ಪ್ರಮಾಣ. ಈ ಲೆಕ್ಕವನ್ನು ಕ್ರಮಕ್ಕೆ ತಂದವರೆಂದು ಹೆಸರಾದವರು ಬಗ್ದಾದಿನ ವಜೀರ ಇಬ್ನ್ ಮುಕ್ಲಾ. ರಾಜಕೀಯದ ಹಗೆಯಲ್ಲಿ ಅವರ ಬಲಗೈಯನ್ನೇ ಕತ್ತರಿಸಿದರು, 940ರಲ್ಲಿ ಅವರು ಸೆರೆಯಲ್ಲಿ ತೀರಿಕೊಂಡರು.

ಅಲಂಕಾರ ಎಲ್ಲಿ ಹೋಯಿತು? ಕಲಮ್‌ದಾನಿಯ ಮೇಲೆ. ಇರಾನಿನ ಬಣ್ಣದ ಕಲಮ್‌ದಾನಿಗಳ ಮೇಲೆ ಹೂವು, ಹಕ್ಕಿ, ಬೇಟೆಯ ನೋಟ ಏನುಂಟು ಏನಿಲ್ಲ! ನಮ್ಮ ಬೀದರಿನ ಬಿದ್ರಿ ಕೆಲಸದವರೂ ಬೆಳ್ಳಿ ಕೂರಿಸಿದ ಕಲಮ್‌ದಾನಿಗಳನ್ನು ಮಾಡಿದ್ದಾರೆ. ಪೆಟ್ಟಿಗೆಗೆ ವೈಭವ, ಒಳಗಿನ ಕಡ್ಡಿಗೆ ದಾರಿದ್ರ್ಯ. ಆ ಕಡ್ಡಿಯಿಂದ ಹೊರಟ ಅಕ್ಷರವೇ ಮತ್ತೆ ವೈಭವವಾಗುತ್ತಿತ್ತು. ವಿಜಯಪುರದ ಇಬ್ರಾಹೀಂ ರೋಜಾಕ್ಕೆ ಹೋದವರಿಗೆ ಇದು ಅರ್ಥವಾಗುತ್ತದೆ. 17ನೇ ಶತಮಾನದ ಆ ಕಟ್ಟಡದಲ್ಲಿ ಕಲ್ಲಿನ ಜಾಲಂಧ್ರಗಳು ಅರಬ್ಬಿ ಅಕ್ಷರಗಳಿಂದಲೇ ಆಗಿವೆ, ಬೆಳಕು ಅಕ್ಷರದ ಸಂದಿನಿಂದ ಒಳಗೆ ಬರುತ್ತದೆ. ಅಲ್ಲಿ ಬರಹ ಅಲಂಕಾರವಾಯಿತು. ನಮ್ಮ ಸನ್ಮಾನದ ಪೆನ್ನಿನಲ್ಲಿ ಅಲಂಕಾರ ಬರಹದ ಜಾಗಕ್ಕೆ ಬಂದು ಕೂತಿದೆ. ಬರೆಯದ ಪೆನ್ನಿಗೆ ಮೈತುಂಬ ಕೆತ್ತನೆ.

ಹಾಗಾದರೆ ಸುರುಳಿ ಬೇಡವೇ? ನಾನು ಬೇಡವೆನ್ನಲಾರೆ, ಕಾರಣ ಕಾಲದ್ದು. ಖತ್ತಾತ ತನ್ನ ಕಲಮನ್ನು ತಾನೇ ಕೆತ್ತಿಕೊಳ್ಳುತ್ತಿದ್ದ. ಅವನ ಕೈ ಮೊನೆಯಲ್ಲೂ ಇತ್ತು, ಅಕ್ಷರದಲ್ಲೂ ಇತ್ತು. 1981ರಲ್ಲಿ ನೂರಿ ನಸ್ತಾಲೀಕ್ ಎಂಬ ಯಂತ್ರಾಕ್ಷರ ಬಂದ ಮೇಲೆ ಉರ್ದು ಪತ್ರಿಕೆಗಳ ಕಾತಿಬರು ಒಬ್ಬೊಬ್ಬರಾಗಿ ಮೇಜು ಬಿಟ್ಟು ಎದ್ದರು. ಗಲ್ಫಿನಿಂದ ಭಟ್ಕಳಕ್ಕೆ ಬರುತ್ತಿದ್ದ ಕಾಗದಗಳೂ ನಿಂತವು. ಅಪ್ಪನ ಕೈಬರಹ ಹೇಗಿತ್ತೆಂದು ಮಕ್ಕಳಿಗೆ ಗೊತ್ತಿದ್ದ ಕಾಲ ಹೋಗಿ ಈಗ ಫೋನಿನಲ್ಲಿ ಅಪ್ಪನ ಮುಖವೇ ಬರುತ್ತದೆ. ಅದು ಒಳ್ಳೆಯದೇ. ಮುಖ ನೋಡದೆ ಮೂರು ವರ್ಷ ಕಳೆದ ತಾಯಂದಿರನ್ನು ಕೇಳಿ. ಆದರೆ ಬರೆಯುವವನ ಕೈ ಗುರುತು ಉಳಿಸುವ ಜಾಗಗಳು ಕಡಿಮೆಯಾಗಿವೆ. ಇಂಥ ಹೊತ್ತಿನಲ್ಲಿ ಒಂದು ಮರದ ಪೆನ್ನಿನ ಮೇಲೆ ಒಬ್ಬ ಮನುಷ್ಯ ಹೊಟ್ಟೆ ಬಂದಲ್ಲಿ ಕೈ ಭಾರ ಹಾಕಿ, ಕೊನೆ ಬಂದಲ್ಲಿ ಕೈ ಹಗುರ ಮಾಡಿ ಎಳೆದ ಗೆರೆಯಿದ್ದರೆ ಅದನ್ನು ಬರಹವೆಂದೇ ನಾನು ಎಣಿಸುತ್ತೇನೆ.

ಬರಹವೆಂದ ಮೇಲೆ ಕೆಳಗೆ ಸಹಿ ಬೇಕಲ್ಲ? ನನ್ನ ತಕರಾರು ಇರುವುದು ಇಲ್ಲಿ. ಸಭೆಯಲ್ಲಿ ಕೊಡುವ ಈ ಪೆನ್ನುಗಳ ಮೇಲೆ ಹೆಸರು ಇದ್ದೇ ಇರುತ್ತದೆ. ಪಡೆದವರ ಹೆಸರು, ಕೊಟ್ಟ ಸಂಸ್ಥೆಯ ಹೆಸರು, ತಾರೀಖು, ಲೇಸರಿನಲ್ಲಿ ಸುಟ್ಟು ಬರೆದದ್ದು. ಮರದ ಹೆಸರನ್ನು ಡಬ್ಬಿಯ ಚೀಟಿ ಹೇಳುತ್ತದೆ. ಕೆತ್ತಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಕಥೆ ಪ್ರಕಟಿಸಿ ಲೇಖಕನ ಹೆಸರು ಬಿಟ್ಟು ಚಂದಾದಾರರ ಹೆಸರು ಹಾಕಿದ ಹಾಗೆ.

ಇದು ನಮ್ಮ ನೆಲದ ಪದ್ಧತಿಯೇನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆತ್ತನೆಗಳ ಕೆಳಗೆ ಕನ್ನಡದಲ್ಲಿ ಹೆಸರು ಕೊರೆದಿದ್ದಾರೆ. ಮುಂದೆ ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾನೆ. ರಾಜರೂ ಅಡ್ಡಿ ಮಾಡಲಿಲ್ಲ, ದೇವರೂ ಅಡ್ಡಿ ಮಾಡಲಿಲ್ಲ. ಇಬ್ರಾಹೀಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಹೆಸರು ಸುಲ್ತಾನರ ಮನೆತನದ ಹೆಸರಿನ ಜೊತೆಗೇ ಇದೆ. ಖತ್ತಾತರ ಲೋಕದಲ್ಲಂತೂ ಸಹಿ ಹಾಕುವ ಹಕ್ಕನ್ನು ಗಳಿಸಬೇಕಿತ್ತು. ಉಸ್ತಾದರು ಇಜಾಜತ್ ಕೊಟ್ಟ ಮೇಲೆಯೇ ಶಿಷ್ಯ ತನ್ನ ಬರಹದ ಕೆಳಗೆ ಹೆಸರು ಬರೆಯಬಹುದು. ಅಂದರೆ ಹೆಸರು ಬರೆಯುವುದು ಅಹಂಕಾರವಲ್ಲ, ಹೊಣೆ. ತಪ್ಪಿದ್ದರೆ ಇಲ್ಲಿ ಬಂದು ಕೇಳಿ ಎಂದು. 'ಸಹಿ' ಎಂಬ ಕನ್ನಡದ ಮಾತೂ ಅರಬ್ಬಿಯ 'ಸಹೀಹ್'ನಿಂದ ಬಂದದ್ದು, ಹದೀಸಿನ ಗ್ರಂಥಗಳ ಹೆಸರಿನಲ್ಲಿ ನಾವು ಕೇಳುವ ಅದೇ ಸಹೀಹ್. ಸರಿಯಾದದ್ದು, ದೋಷವಿಲ್ಲದ್ದು ಎಂದು ಅದರರ್ಥ.

ಆಧುನಿಕ ಕಾಲದಲ್ಲೂ ಉದಾಹರಣೆ ಇದೆ. 1930ರ ದಶಕದಲ್ಲಿ ಸ್ವದೇಶಿ ಪೆನ್ನು ಬೇಕೆಂಬ ಗಾಂಧೀಜಿಯ ಮಾತಿಗೆ ಓಗೊಟ್ಟು ರಾಜಮಂಡ್ರಿಯ ರತ್ನಂ ಅವರು ಎಬೊನೈಟಿನಲ್ಲಿ ಕೈಯಿಂದ ಕಡೆದು ಪೆನ್ನು ಮಾಡಿದರು. ಆ ಪೆನ್ನುಗಳ ಮೈಮೇಲೆ ಮಾಡಿದವರ ಹೆಸರೇ ಇರುವುದು. ಚನ್ನಪಟ್ಟಣದ ಅರಗಿನ ಕೆಲಸದವರು ಬಾವಾಸ್ ಮಿಯಾ ಅವರ ಹೆಸರನ್ನು ಇಂದಿಗೂ ಗುರುಸ್ಥಾನದಲ್ಲಿಟ್ಟು ನೆನೆಯುತ್ತಾರೆ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂದಿದೆ. ಒಳ್ಳೆಯದು. ಆದರೆ ಆ ಮನ್ನಣೆ ಕೊಡುವುದು ಊರಿನ ಹೆಸರನ್ನು, ಆಳಿನ ಹೆಸರನ್ನಲ್ಲ. ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಉಜ್ಜಿದ ಬಿಸಿಗೇ ಬಣ್ಣ ಕರಗಿಸಿ, ಕೇದಗೆಯ ಗರಿಯಿಂದ ಹೊಳಪು ತರುವ ಆ ಕೈ ಯಾವುದೆಂದು ಕೊಂಡವರಿಗೆ ತಿಳಿಯುವುದಿಲ್ಲ. ಆ ಕೇದಗೆ ನಮ್ಮ ಕರಾವಳಿಯ ಬೇಲಿಯಲ್ಲೂ ಬೆಳೆಯುತ್ತದೆ. ಅದರ ಗರಿಗಳು ಕಾಂಡದ ಸುತ್ತ ಸುರುಳಿಯಾಗಿಯೇ ಹುಟ್ಟುವುದನ್ನು ಆಸಕ್ತರು ಹೋಗಿ ನೋಡಬಹುದು.

ನಮ್ಮ ಜಿಲ್ಲೆಯ ಗುಡಿಗಾರರ ವಿಷಯ ಇನ್ನೂ ಜಟಿಲ. ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ, ಘಟ್ಟದ ಮೇಲೆ ಸಾಗರ, ಸೊರಬ ಇಲ್ಲೆಲ್ಲ ಗಂಧದ ಕೆತ್ತನೆಗೆ ಹೆಸರಾದ ಮನೆಗಳು ಅವರವು. ಗಂಧದ ಎಳೆ ಬಿಗಿ. ಕೂದಲಿನಷ್ಟು ಸಣ್ಣ ಗೆರೆಯನ್ನೂ ಅದು ಹಿಡಿದುಕೊಳ್ಳುತ್ತದೆ, ಸುರುಳಿಯ ಏಣು ಚೂಪಾಗಿ ನಿಲ್ಲುತ್ತದೆ. ಆದರೆ ಗಂಧ ಬಹುಕಾಲ ಸರಕಾರದ ಸೊತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದಂದಿನಿಂದ ಹಿಡಿದು, 2001ರ ಕಾಯ್ದೆ ತಿದ್ದುಪಡಿಯಲ್ಲಿ ಬೆಳೆದವನಿಗೇ ಮರದ ಒಡೆತನ ಸಿಗುವವರೆಗೆ. ಗಂಧ ದುಬಾರಿಯಾಗಿ, ಸಿಗುವುದೇ ಕಷ್ಟವಾದಾಗ ಶಿವನೆಯಂಥ ಮರಗಳು ಅದರ ಜಾಗಕ್ಕೆ ಬಂದವು. ಶಿವನೆ ಮೆತ್ತಗೆ, ಬಿಳಿಚು, ಪರಿಮಳವಿಲ್ಲ. ಅದರಲ್ಲಿ ಏಣನ್ನು ಚೂಪು ಮಾಡಲು ಹೋದರೆ ಉದುರುತ್ತದೆ. ಹಾಗಾಗಿ ಶಿವನೆಯ ಸುರುಳಿ ದುಂಡಗಿರಬೇಕು, ಹಗ್ಗದ ಹುರಿಯಂತೆ. ನನ್ನಲ್ಲಿರುವ ಪೆನ್ನು ಹಾಗೆಯೇ ಇದೆ. ಗಂಧದ ನಕಲು ಮಾಡದೆ ಶಿವನೆಯನ್ನು ಶಿವನೆಯಾಗಿಯೇ ಬಿಟ್ಟಿದ್ದಾರೆ. ಇನ್ನೊಂದರ ಮೇಲೆ ಗಂಧದ ಬಣ್ಣ ಬಳಿದು, ಗಂಧದ ಎಣ್ಣೆ ಹಚ್ಚಿ ಕೊಟ್ಟಿದ್ದರು. ವಾರದಲ್ಲಿ ಪರಿಮಳ ಹೋಯಿತು.

ಅವರ ಬಳಿ ನಾನು ಹೆಸರಿನ ಪ್ರಶ್ನೆಯನ್ನು ಎತ್ತಿದ್ದೆ. ಮೊದಲು ನಕ್ಕರು. "ನಮ್ ಹೆಸ್ರು ಯಾರಿಗೆ ಬೇಕ್ರಾ? ಅಂಗಡಿಯವ್ರು ಹಾಕ್ಬೇಡ ಹೇಳ್ತಾರೆ. ಹೆಸ್ರು ನೋಡಿ ಗಿರಾಕಿ ಸೀದಾ ನಮ್ಮನೆಗೆ ಬಂದ್ರೆ ಅವ್ರಿಗೆ ಲುಕ್ಸಾನು" ಎಂದರು. ವಿಷಯ ಇಷ್ಟು ಸರಳ. ಅನಾಮಿಕತೆಯನ್ನು ನಾವು ಜನಪದದ ವಿನಯ, ಕುಶಲಕರ್ಮಿಯ ನಿರ್ಮೋಹ ಎಂದೆಲ್ಲ ಹಾಡಿ ಹೊಗಳುತ್ತೇವೆ. ಅದರ ಹಿಂದೆ ಒಂದು ಕಮಿಷನ್ನಿನ ಲೆಕ್ಕ ಕೂತಿರುತ್ತದೆ. ಆಮೇಲೆ ಅವರೇ ಒಂದು ಸಂಗತಿ ಹೇಳಿದರು. ಹಿತ್ತಾಳೆಯ ನಳಿಗೆಯನ್ನು ಮರದೊಳಗೆ ಅಂಟಿಸುವ ಮೊದಲು ಅದರ ಮೇಲೆ ಮೊಳೆಯ ಮೊನೆಯಿಂದ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಗೀರಿರುತ್ತಾರಂತೆ. ಪೆನ್ನು ಒಡೆದರೆ ಮಾತ್ರ ಕಾಣಿಸುವ ಸಹಿ.

ಆ ಅಕ್ಷರ ಹೊರಗೆ ಬರಲು ಅಡ್ಡಿಯೇನೂ ಇಲ್ಲ. ಪೆನ್ನಿನ ಕ್ಲಿಪ್ಪಿನ ಕೆಳಗೆ ಸುರುಳಿ ತಲುಪದ ಬೆರಳಗಲದ ಬೋಳು ಜಾಗವೊಂದು ಇರುತ್ತದೆ. ಮುಖ್ಯ ಅತಿಥಿಯ ಹೆಸರು ಸುಡುವ ಲೇಸರಿಗೆ ಇನ್ನೊಂದು ಹೆಸರು ಸುಡಲು ಕೆಲವೇ ಕ್ಷಣ ಸಾಕು. ಕೈಯಲ್ಲೇ ಬರೆಯುತ್ತೇನೆ ಎಂದರೆ ತೋಡು ತೆಳುವಾಗಿ ಕರಗುವ ಆ ಕೊನೆಯಲ್ಲೇ ಎರಡಕ್ಷರ ಹಿಡಿಯುತ್ತವೆ, ಕನ್ನಡದ್ದಾದರೂ ಸರಿ, ಉರ್ದುವಿನದ್ದಾದರೂ ಸರಿ. ಈ ವರ್ಷದ ಸನ್ಮಾನಕ್ಕೆ ಪೆನ್ನು ಬರೆಸಲು ಹೋಗುವ ಕಾರ್ಯದರ್ಶಿಗಳು ಅಂಗಡಿಯವರ ಕೈಗೆ ಅತಿಥಿಗಳ ಹೆಸರಿನ ಪಟ್ಟಿ ಕೊಡುವಾಗ, ಮಾಡಿದವರು ಯಾರು ಎಂದು ಕೇಳಿ ಆ ಹೆಸರನ್ನೂ ಪಟ್ಟಿಯಲ್ಲಿ ಬರೆಯಲಿ. ಅಂಗಡಿಯವರು ಗೊತ್ತಿಲ್ಲ ಎಂದರೆ, ಕುಮಟಾ ಹೊನ್ನಾವರಕ್ಕೆ ಭಟ್ಕಳದಿಂದ ದಿನವಿಡೀ ಬಸ್ಸುಗಳಿವೆ.